ಎಲ್ಲ ತಂಡಗಳಿಗೂ ಒಂದೇ ಮಿತಿ

ಕರಾವಳಿಯ ಮಹಿಳಾ ಹಾಕಿ ಲೀಗ್‌ನಲ್ಲಿ ಈ ವರ್ಷ ಹೊಸ ನಿಯಮ ಬಂದಿತ್ತು. ಆಟಗಾರ್ತಿಯರ ಸಂಬಳದಲ್ಲಿ ಯಾವ ತಂಡವೂ ಗೊತ್ತುಪಡಿಸಿದ ಮಿತಿಯನ್ನು ದಾಟುವಂತಿರಲಿಲ್ಲ.

“ಇನ್ನು ದುಡ್ಡಿದ್ದವರದ್ದೇ ಆಟ ಅಂತ ಇಲ್ಲ. ನಮಗೂ ಕಪ್ ಉಂಟು” ಎಂದು ಕಾರ್ಕಳ ತಂಡದ ಕೋಚ್ ವಿನೋದಾ ಹಿಗ್ಗಿದ್ದರು. ಗೋಲ್‌ಕೀಪರ್ ನಿಖಿತಾ ಅದನ್ನು ನಂಬಿ, ಕಾರ್ಕಳಕ್ಕೇ ಆಡುತ್ತೇನೆಂದು ಮಾತು ಕೊಟ್ಟಳು.

ಮರುದಿನ ಅಭ್ಯಾಸ ಮುಗಿಸಿ ಪ್ಯಾಡ್ ಬಿಚ್ಚುತ್ತಿದ್ದಾಗ ಕಾಪು ತಂಡದ ಮಾಲೀಕ ಶೇಖರ ಬಂದು ಪಕ್ಕದಲ್ಲಿ ಕುಳಿತರು.

“ನಮ್ಮಲ್ಲಿ ಆಡು ಮಗಾ. ಸಂಬಳ ಅವರು ಕೊಡುವಷ್ಟೇ. ನಿಯಮ ಮೀರುವ ಜನ ನಾನಲ್ಲ.”

“ವಿನೋದಕ್ಕನಿಗೆ ಮಾತು ಕೊಟ್ಟಾಗಿದೆ, ಸರ್.”

ಶೇಖರ ನಕ್ಕರು. “ಇರಲಿ. ನಿನ್ನ ಅಣ್ಣ ಪ್ರತೀಕ್ ದುಬೈಯಲ್ಲಿ ನಮ್ಮ ಕಂಪನಿಯಲ್ಲೇ ಅಲ್ವಾ? ಒಳ್ಳೆಯ ಹುಡುಗ. ಅವನ ವೀಸಾ ಈ ತಿಂಗಳು ರಿನ್ಯೂ ಆಗಬೇಕು.”

ಅಷ್ಟು ಹೇಳಿ ಎದ್ದು ಹೋದರು. ಸಂಜೆ ವಿನೋದಾರಿಗೆ ಫೋನ್ ಮಾಡಿ, “ಕ್ಷಮಿಸಿ ಅಕ್ಕ” ಎಂದಷ್ಟೇ ಹೇಳಲು ನಿಖಿತಾಳಿಂದಾಯಿತು.

ಕಾಪುವಿನ ಮೊದಲ ಅಭ್ಯಾಸಕ್ಕೆ ಹೋದರೆ ಲೀಗ್‌ನ ಒಳ್ಳೆಯ ಆಟಗಾರ್ತಿಯರೆಲ್ಲ ಅಲ್ಲೇ ಇದ್ದರು. ಯಾರ ಮುಖದಲ್ಲೂ ನಗುವಿರಲಿಲ್ಲ. ಶೂ ಲೇಸ್ ಕಟ್ಟುತ್ತಿದ್ದ ನಾಯಕಿ ತಲೆ ಎತ್ತದೆ ಮೆಲ್ಲಗೆ ಕೇಳಿದಳು:

“ಅವರ ಕಂಪನಿಯಲ್ಲಿ ನಿನ್ನವರು ಯಾರು? ನನ್ನದು ಅಪ್ಪ.”