ಬೇಲಿ ಇಲ್ಲದ ಇನ್ನೂರು ಹೆಜ್ಜೆ

ಮಗಳು ಚೂಟಿಗೆ ಒಂಬತ್ತು ತುಂಬಿದ ಭಾನುವಾರ ಪೇಂಟರ್‌ನ ಮನೆಯ ನಾಲ್ವರೂ ಕಡಲಂಚಿನ ಬಂಡೆಗಳ ಮೇಲಿನ ಕಾಲುದಾರಿಗೆ ಹೊರಟರು. ಜಾಗ ಆರಿಸಿದವಳು ಚೂಟಿಯೇ. ಬಸ್ಸಿಳಿದಲ್ಲಿಂದ ಲೈಟ್‌ಹೌಸಿನವರೆಗೆ ಐದು ಕಿಲೋಮೀಟರು. ಮಕ್ಕಳೂ ವಯಸ್ಸಾದವರೂ ಆರಾಮಾಗಿ ನಡೆಯಬಹುದು ಅಂತ ದಾರಿಯ ಬಾಯಲ್ಲೇ ಫಲಕ ನಿಲ್ಲಿಸಿದ್ದರು. ತನ್ನಂಥವರ ಬಗ್ಗೆ ಅದರಲ್ಲಿ ಏನಾದರೂ ಬರೆದಿದೆಯಾ ಅಂತ ಪೇಂಟರ್ ಎರಡು ಸಲ ಓದಿದ. ಇರಲಿಲ್ಲ.

ಹದಿನಾಲ್ಕು ವರ್ಷ ಅವನು ಎತ್ತರದ ಕಟ್ಟಡಗಳಿಗೆ ಹೊರಗಿನಿಂದ ಬಣ್ಣ ಬಳಿದವನು. ತಾರಸಿಯಿಂದ ಇಳಿಬಿಟ್ಟ ಹಗ್ಗ, ಹಗ್ಗಕ್ಕೊಂದು ಹಲಗೆ, ಹಲಗೆಯ ಮೇಲೆ ಅವನು. ನಮ್ಮಪ್ಪ ಹಕ್ಕಿಗಳಿಗಿಂತ ಮೇಲೆ ಕೂತು ಕೆಲಸ ಮಾಡ್ತಾರೆ ಅಂತ ಚೂಟಿ ಶಾಲೆಯಲ್ಲೆಲ್ಲ ಡಂಗುರ ಸಾರಿದ್ದಳು. ಆದರೆ ನಾಲ್ಕು ತಿಂಗಳ ಹಿಂದೆ, ಒಂಬತ್ತನೇ ಮಹಡಿಯ ಎದುರು ತೂಗಾಡುತ್ತಿದ್ದಾಗ, ಗಂಟು ಜಾರಿ ಹಲಗೆ ಒಂದು ಮೊಳ ಕುಸಿದು ಮತ್ತೆ ನಿಂತುಬಿಟ್ಟಿತ್ತು. ಅಷ್ಟೇ. ಮೈಗೆ ಒಂದು ಗೀರೂ ಬಿದ್ದಿರಲಿಲ್ಲ. ಮರುದಿನ ತಾರಸಿ ಹತ್ತಿದವನಿಗೆ ಅಂಚಿನ ಹತ್ತಿರ ಹೋಗಲು ಕಾಲೇ ಏಳಲಿಲ್ಲ. ಅಂದಿನಿಂದ ಗೋಡೆಗೆ ಪುಟ್ಟಿ ಹಚ್ಚುವುದು, ಬಣ್ಣ ಕಲಸುವುದು, ಗೇಟಿಗೆ ಬ್ರಷ್ ಆಡಿಸುವುದು, ಎಲ್ಲ ನೆಲದ ಮೇಲಿನ ಕೆಲಸವೇ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಹೆಂಡತಿಗೆ ಹೇಳಬಹುದಿತ್ತು. ಆದರೆ ಹೆಂಡತಿಗೆ ಹೇಳಿದ ಮಾತು ಅತ್ತೆಯ ಕಿವಿಗೆ ಬೀಳದೆ ಇರುತ್ತದೆಯೇ? ಅವರಿದ್ದದ್ದು ಒಂದೇ ಮನೆಯಲ್ಲಿ. ಹಗ್ಗದ ಮೇಲೆ ಬದುಕೋನಿಗೆ ಮಗಳನ್ನ ಕೊಡಲ್ಲ ಅಂತ ಮದುವೆಗೆ ಮೊದಲು ಪಟ್ಟು ಹಿಡಿದಿದ್ದ ಹೆಂಗಸು ಅವರು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವರು. ಆಪರೇಷನ್ ಆದವರನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸುವುದೇ ಅವರ ಕೆಲಸವಾಗಿತ್ತು. ಮದುವೆಯಾಗಿ ಹತ್ತು ವರ್ಷ ಕಳೆದರೂ ಅತ್ತೆ ಅಳಿಯನ ಮಾತುಕತೆ ಅವನ ಹೆಂಡತಿಯ ಮೂಲಕವೇ ನಡೆಯುತ್ತಿತ್ತು. ಎದುರಿಗೇ ಕೂತಿದ್ದರೂ 'ಅವರಿಗೆ ಇನ್ನೊಂದು ಚಪಾತಿ ಬೇಕಾ ಕೇಳು' ಅನ್ನುವಷ್ಟು.

ಮೊದಲ ಮೂರು ಕಿಲೋಮೀಟರು ಹೇಗೋ ಸಾಗಿತು. ಕಡಲ ಕಡೆಗೆ ಮರದ ಬೇಲಿ ಇತ್ತು, ದಾರಿಯೂ ಅಗಲವಾಗಿತ್ತು. ಪೇಂಟರ್ ಒಳಬದಿಯ ಹುಲ್ಲಿನ ಮೇಲೇ ನಡೆದ. ಚೂಟಿ ಕರೆದಾಗೆಲ್ಲ ಹೂಂಗುಟ್ಟಿದ, ನೋಟವನ್ನು ಮಾತ್ರ ಹೆಂಡತಿಯ ಬೆನ್ನಿನ ಚೀಲದಿಂದ ಕೀಳಲಿಲ್ಲ. ಆಮೇಲೆ ಒಂದು ತಿರುವಿನಲ್ಲಿ ಬೇಲಿ ಮುಗಿಯಿತು. ಮುಂದೆ ಇನ್ನೂರು ಹೆಜ್ಜೆಯಷ್ಟು ದೂರ ಎಡಕ್ಕೆ ಗುಡ್ಡದ ಗೋಡೆ, ಬಲಕ್ಕೆ ಬರೀ ಗಾಳಿ. ಕೆಳಗೆಲ್ಲೋ ಅಲೆ ಬಂಡೆಗೆ ಬಡಿಯುವ ಸದ್ದು. ದಾರಿ ಇಬ್ಬರು ಜೊತೆಯಾಗಿ ನಡೆಯುವಷ್ಟು ಅಗಲವೇನೋ ಇತ್ತು. ಚೂಟಿಯ ಕೈ ಹಿಡಿದು ಹೆಂಡತಿ ದಾಟಿಹೋದಳು. ಅವಳ ಹಿಂದೆ ಅತ್ತೆಯೂ ಹೋದರು.

ಪೇಂಟರ್ ಬೂಟಿನ ದಾರ ಕಟ್ಟುವವನಂತೆ ಕುಳಿತ. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದ. ಅಂಗೈ ಬೆವರಿ ದಾರ ಜಾರುತ್ತಿತ್ತು. ಎದ್ದರೆ ಬೀಳುತ್ತೇನೆ ಎಂದೇ ಅನಿಸಿತು. ಆ ಕಡೆಯಿಂದ ಚೂಟಿ ಅಪ್ಪನನ್ನು ಕೂಗುತ್ತಿದ್ದಳು. ಓಡಿಬಂದುಬಿಟ್ಟಾಳು ಎಂಬ ಇನ್ನೊಂದು ಹೆದರಿಕೆ ಮೊದಲಿನದರ ಮೇಲೆ ಏರಿ ಕೂತಿತು.

ಬಂದದ್ದು ಚೂಟಿಯಲ್ಲ, ಅತ್ತೆ. ಮೊಣಕಾಲು ಒತ್ತಿಕೊಳ್ಳುತ್ತಾ ನಿಧಾನವಾಗಿ ವಾಪಸ್ ಬಂದು ಅವನ ಮುಂದೆ ನಿಂತರು.

"ಮಂಡಿ ಹಿಡ್ಕೊಂಡಿದೆ, ಅಳಿಯಂದ್ರೇ. ಒಬ್ಳೇ ಇನ್ನೊಂದು ಸಲ ದಾಟೋಕೆ ಆಗಲ್ಲ. ಸ್ವಲ್ಪ ಕೈ ಕೊಡಿ."

ಹತ್ತು ವರ್ಷದಲ್ಲಿ ಅವರು ನೇರವಾಗಿ ಅವನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಎದ್ದ. ಅತ್ತೆ ಅವನನ್ನು ಗೋಡೆಯ ಕಡೆಗೆ ಬಿಟ್ಟುಕೊಂಡು, ತಾವು ಗಾಳಿಯ ಕಡೆಗೆ ನಿಂತು, ಅವನ ಮೊಣಕೈಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ಹಿಡಿತ ಇಕ್ಕಳದಂತಿತ್ತು.

ಹತ್ತೇ ಹೆಜ್ಜೆ ನಡೆದು ನಿಲ್ಲೋಣ ಎಂದರು. ಹತ್ತಾದ ಮೇಲೂ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ಹತ್ತು ಅಂತ ಹೇಳಿ ಹದಿನೈದು ನಡೆಸುತ್ತಿದ್ದುದನ್ನೂ, ಅದನ್ನು ಪತ್ತೆ ಹಚ್ಚಿದ ಮುದುಕರೊಬ್ಬರು ಹದಿನಾರನೆಯದಕ್ಕೆ ಬೈಯುತ್ತಿದ್ದುದನ್ನೂ ಹೇಳಿದರು. ಪೇಂಟರ್‌ಗೆ ನಗು ಬರಲಿಲ್ಲ, ಉಸಿರು ಮಾತ್ರ ಸ್ವಲ್ಪ ಸಡಿಲವಾಯಿತು. ಕಾಲಿಗೆ ಸಿಕ್ಕ ಕಲ್ಲೊಂದು ಉರುಳಿ ಅಂಚಿನಾಚೆ ಹೋದಾಗ ಅವನು ಗೋಡೆಗೆ ಅಂಟಿಕೊಂಡ. ಅತ್ತೆ ಎಳೆಯಲಿಲ್ಲ, ಸುಮ್ಮನೆ ಕಾದರು.

"ನನ್ನ ಮಂಡಿಗೆ ಏನೂ ಆಗಿಲ್ಲ," ಎಂದರು ಆಮೇಲೆ.

"ಗೊತ್ತಾಯ್ತು."

"ಯಾವಾಗಿಂದ ಹೀಗೆ?"

ಅವನು ಹೇಳಿದ. ಗಂಟು ಜಾರಿದ್ದು, ಮರುದಿನ ಕಾಲು ಏಳದೇ ಹೋದದ್ದು, ನಾಲ್ಕು ತಿಂಗಳಿಂದ ಕೆಳಗೇ ಕೆಲಸ ಮಾಡುತ್ತಿರುವುದು. ಗೋಡೆಗೆ ಮುಖ ಮಾಡಿಯೇ ಹೇಳಿದ. ಏನೋ ಆಗಿದೆ ಅಂತ ತಮಗೂ ಅನ್ನಿಸಿತ್ತು ಎಂದರು ಅತ್ತೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಬಚ್ಚಲಲ್ಲಿ ಹರವತೊಡಗಿದರೆ ಯಾರಿಗೆ ತಿಳಿಯುವುದಿಲ್ಲ?

"ಮದುವೆಗೆ ಮೊದಲೇ ನೀವು ಹೇಳಿದ್ರಿ, ನಾನೇ ಕೇಳಲಿಲ್ಲ ಅನ್ನೋ ಹಾಗಾಯ್ತಲ್ಲ," ಎಂದ ಅವನು.

ಅತ್ತೆ ಅವನ ಮೊಣಕೈಯನ್ನು ಇನ್ನಷ್ಟು ಹತ್ತಿರಕ್ಕೆಳೆದುಕೊಂಡರು. "ನಾನು ಬೇಡ ಅಂದಿದ್ದು ಹಗ್ಗಾನ. ನಿಮ್ಮನ್ನಲ್ಲ. ಅದನ್ನ ಬಿಡಿಸಿ ಹೇಳೋಕೆ ಹತ್ತು ವರ್ಷ ನನಗೂ ಬಾಯಿ ಬರಲಿಲ್ಲ ನೋಡಿ. ನಡೀರಿ, ಇನ್ನು ಹತ್ತೇ ಹೆಜ್ಜೆ."

ಹತ್ತರ ಲೆಕ್ಕ ಇನ್ನೂ ಏಳೆಂಟು ಸಲ ಆಯಿತು. ಬೇಲಿ ಮತ್ತೆ ಶುರುವಾದಲ್ಲಿ ಅವನು ಅದರ ಕಂಬ ಹಿಡಿದು ನಿಂತ. ಅಂಗಿ ಬೆನ್ನಿಗೆ ಅಂಟಿತ್ತು. ನನ್ನ ಮಗಳಿಗೆ ನೀವೇ ಹೇಳಬೇಕು, ಇವತ್ತೇ ಹೇಳಬೇಕು, ನಾನಂತೂ ಬಾಯಿ ಬಿಡುವುದಿಲ್ಲ ಎಂದು ಅತ್ತೆ ಮೆಲ್ಲಗೆ ಹೇಳಿ, ಮುಂದೆ ಹೋಗಿ ಮೊಮ್ಮಗಳನ್ನು ಕರೆದುಕೊಂಡರು.

ಲೈಟ್‌ಹೌಸಿನ ಬುಡದ ಹುಲ್ಲಿನಲ್ಲಿ ಡಬ್ಬಿ ಬಿಚ್ಚಿದರು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕಿತ್ತಳೆ. ಚೂಟಿ ಅಜ್ಜಿಯನ್ನು ಎಳೆದುಕೊಂಡು ಮೆಟ್ಟಿಲು ಹತ್ತಲು ಹೋದ ಮೇಲೆ ಅವನು ಹೆಂಡತಿಗೆ ಎಲ್ಲ ಹೇಳಿದ. ಅವಳು ಕಿತ್ತಳೆ ಸುಲಿಯುವುದನ್ನು ನಿಲ್ಲಿಸಲಿಲ್ಲ. ಸುಲಿದು ಮುಗಿದ ಮೇಲೂ ತೊಳೆಗಳ ಬಿಳಿ ನಾರನ್ನು ಒಂದೊಂದಾಗಿ ಬಿಡಿಸುತ್ತಾ ಕೂತಳು.

"ಅಮ್ಮನಿಗೆ ಮೊದಲು ಹೇಳಿದ್ರಾ?" ಎಂದಳು ಕೊನೆಗೆ.

"ಹೇಳಿದ್ದಲ್ಲ, ಸಿಕ್ಕಿಬಿದ್ದೆ."

"ದಿನಾ ಬೆಳಿಗ್ಗೆ ನೀವು ಹೊರಟ ಮೇಲೆ ಸಂಜೆವರೆಗೂ ನನ್ನ ಜೀವ ಕೈಯಲ್ಲಿ ಇರ್ತಿತ್ತು ರೀ. ಈ ನಾಲ್ಕು ತಿಂಗಳೂ ಇತ್ತು. ನೀವು ನೋಡಿದ್ರೆ ನೆಲದ ಮೇಲೇ ಇದ್ರಿ." ಅವಳಿಗೆ ಸಿಟ್ಟೂ ಬಂದಿತ್ತು, ಕಣ್ಣೂ ತುಂಬಿತ್ತು. ತಪ್ಪಾಯಿತು ಎಂದ ಅವನು. ತಪ್ಪೇ ಎಂದಳು. ಆಮೇಲೆ ಅರ್ಧ ಹಣ್ಣನ್ನು ಅವನ ಕೈಗಿಟ್ಟಳು.

ಚೂಟಿ ಇಳಿದು ಬಂದಾಗ ಅವಳಿಗೂ ಅವನೇ ಹೇಳಿದ. ಅವಳ ಮುಖ ಸ್ವಲ್ಪ ಸಣ್ಣದಾಯಿತು. ಗೆಳತಿಯರಿಗೆ ಏನು ಹೇಳಬೇಕು ಎಂಬುದೇ ಅವಳ ಮೊದಲ ಪ್ರಶ್ನೆ. ಇದ್ದದ್ದನ್ನು ಹೇಳು ಎಂದ ಅಪ್ಪ. ಅವಳು ಯೋಚಿಸಿ, ಮುಂದಿನ ವಾರ ಹೇಳ್ತೀನಿ ಎಂದಳು.

ವಾಪಸಾಗಲು ಒಳಗಿನ ರಸ್ತೆಯಿದೆ, ಹೊಲಗಳ ನಡುವೆ ಹೋಗುತ್ತದೆ, ಎರಡು ಕಿಲೋಮೀಟರು ಹೆಚ್ಚು ಅಂತ ಲೈಟ್‌ಹೌಸಿನ ಕಾವಲುಗಾರ ತಿಳಿಸಿದ. ಯಾರೂ ಚರ್ಚೆ ಮಾಡಲಿಲ್ಲ. ಧೂಳು, ಬಿಸಿಲು, ಎದುರಿಗೊಂದು ಟ್ರ್ಯಾಕ್ಟರು. ಚೂಟಿಯೂ ಅಜ್ಜಿಯೂ ಮುಂದೆ ಜಗಳವಾಡುತ್ತಾ ನಡೆದರು. ಹಲಗೆ ಕುಸಿದಾಗ ಏನು ನೆನಪಾಯಿತು ಅಂತ ಹೆಂಡತಿ ಕೇಳಿದಳು. ಏನೂ ಇಲ್ಲ, ಬಣ್ಣದ ಡಬ್ಬ ಕೈಬಿಟ್ಟು ಬಿತ್ತು, ಅದು ನೆಲ ಮುಟ್ಟುವ ಸದ್ದಿಗಾಗಿ ಕಾಯುತ್ತಿದ್ದೆ, ತುಂಬ ಹೊತ್ತು ಕಾದೆ ಎಂದ ಅವನು. ಈ ಮಾತನ್ನು ಅತ್ತೆಗೂ ಹೇಳಿರಲಿಲ್ಲ. ಹೆಂಡತಿ ಈಗ ಅವನ ಹೆಗಲಲ್ಲಿದ್ದ ಚೀಲವನ್ನು ತಾನು ತೆಗೆದುಕೊಂಡು, ಮಧ್ಯದಲ್ಲಿ ಬಾಯಿ ಹಾಕದೆ, ಮುಂದಿನದನ್ನು ಕೇಳುತ್ತಾ ನಡೆದಳು.