ಹುಣಸೆಹಣ್ಣಿಗೆ ತೊಂಬತ್ತಾರು

ಹುಲುಗಪ್ಪನ ಕೈಗಳೆಂದರೆ ಊರಿಗೇ ಭಯ. ಇಪ್ಪತ್ತು ವರ್ಷ ಹುಣಸೆಮರಗಳ ಗುತ್ತಿಗೆ ಹಿಡಿದು, ಗಳ ಬೀಸಿ ಹಣ್ಣು ಬಡಿದು, ಮೂಟೆ ಹೊತ್ತು ಮರದ ತೊಗಟೆಯಂತಾದ ಕೈಗಳು ಅವು. ಜನ ಅವನನ್ನು ಮುಂಗೋಪಿ ಎನ್ನುತ್ತಿದ್ದರು. ಅದು ಸುಳ್ಳು. ಹೆದರಿದಾಗ ಮಾತ್ರ ಅವನ ಕೈ ಮೇಲೇಳುತ್ತಿತ್ತು, ಮತ್ತು ಆ ಗುಟ್ಟು ಅವನ ತಾಯಿ ಚೌಡಕ್ಕನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಆ ದಿನ ಅವನು ತುಂಬ ಹೆದರಿದ್ದ. ಎರಡನೆಯ ಅಲೆಯ ಕೊರೊನಾ ಕೂಡ್ಲಿಗಿ ಸುತ್ತಲಿನ ಹಳ್ಳಿಗಳಿಗೆಲ್ಲ ನುಗ್ಗಿತ್ತು. ಹಿಂದಿನ ವಾರ ಪಕ್ಕದ ಮನೆಯ ಎರ್ರೆಮ್ಮ ತನ್ನ ಕಾಲ ಮೇಲೆ ತಾನೇ ನಡೆದು ಆಂಬುಲೆನ್ಸ್ ಹತ್ತಿದ್ದಳು. ನಾಲ್ಕನೆಯ ದಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಗಂಟಾಗಿ ಬಂದಳು, ಆಸ್ಪತ್ರೆಯವರು ಮಗನಿಗೆ ಮುಖ ಕೂಡ ತೋರಿಸಲಿಲ್ಲ. ಈಗ ಅದೇ ಬಿಳಿ ಗಾಡಿ ಹುಲುಗಪ್ಪನ ಅಂಗಳದೆದುರು ನಿಂತಿತ್ತು. ಅದು ಬಂದದ್ದು ಅವನ ಒಬ್ಬನೇ ತಮ್ಮ ಅಂಜಿನಿಯನ್ನು ಒಯ್ಯಲು.

ಅಂಜಿನಿ ನೋಡಿದರೆ ಹೊರಸಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಐದು ದಿನ ಸುಟ್ಟ ಜ್ವರ ಇಳಿದಿತ್ತು. ತುಟಿ ಸ್ವಲ್ಪ ಕಪ್ಪಾಗಿತ್ತು, ಮಾತು ತುಂಡುತುಂಡಾಗಿ ಬರುತ್ತಿತ್ತು, ಆದರೆ ನಗುತ್ತಿದ್ದ. ಉಪಕೇಂದ್ರದ ನರ್ಸ್ ಅಮೃತಾ ಅವನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದಳು. ಬಟ್ಟೆಗೆ ಹಾಕುವ ಕ್ಲಿಪ್ಪಿನಷ್ಟೇ ಇರುವ ಆ ಯಂತ್ರ ನೆತ್ತರಿನಲ್ಲಿ ಆಕ್ಸಿಜನ್ ಎಷ್ಟಿದೆಯೆಂದು ಹೇಳುತ್ತದೆ. ಅದು ಎಪ್ಪತ್ತೊಂದು ಎಂದಿತು.

ಕೊಟ್ಟೂರಿನ ಕಡೆಯ ಈ ಹುಡುಗಿ ಆತುರಗಾತಿಯಲ್ಲ. ಹುಣಸೆ ಬಿಡಿಸಿ ಬಿಡಿಸಿ ಅಂಜಿನಿಯ ಉಗುರು ಕಪ್ಪಾಗಿದ್ದುದನ್ನು ಕಂಡು ಸೋಪು ಹಚ್ಚಿ ತಿಕ್ಕಿ ತೊಳೆದಳು. ಕೈ ತಣ್ಣಗಿದ್ದರೆ ಯಂತ್ರ ತಪ್ಪು ಹೇಳುತ್ತದೆಂದು ಅವನ ಅಂಗೈಯನ್ನು ತನ್ನ ಕೈಗಳ ನಡುವೆ ಇಟ್ಟು ಉಜ್ಜಿದಳು. ಬೇರೆ ಬೆರಳಿಗೆ ಹಾಕಿ ಪೂರ್ತಿ ಒಂದು ನಿಮಿಷ ಕಾದಳು. ಮತ್ತೆ ಎಪ್ಪತ್ತೊಂದೇ ಬಂತು.

"ತೊಂಬತ್ತೈದರ ಮ್ಯಾಲಿರಬೇಕ್ರಿ, ಹುಲುಗಣ್ಣ. ಈಗಿಂದೀಗ ಆಕ್ಸಿಜನ್ ಹಚ್ಚಿ ಕೂಡ್ಲಿಗಿ ದವಾಖಾನಿಗೆ ಒಯ್ಯಬೇಕು. ಗಾಡ್ಯಾಗ ಒಂದು ಸಿಲಿಂಡರ್ ಐತಿ."

"ಚಾ ಕುಡ್ಯಾಕ ಹತ್ಯಾನಲ್ರಿ ಸಿಸ್ಟರಮ್ಮ! ಸಾಯೋನು ಚಾ ಕುಡೀತಾನೇನು?"

"ಈ ರೋಗ ಹಂಗ ಐತ್ರಿ. ಒಳಗ ಖಾಲಿ ಆಗಿರ್ತೈತಿ, ಹೊರಗ ಗೊತ್ತಾಗಂಗಿಲ್ಲ."

ಅಷ್ಟರಲ್ಲಿ ಪ್ರವೀಣಕುಮಾರ್ ಮುಂದೆ ಬಂದ. ಊರ ಬಾಗಿಲಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು, ಆದ್ದರಿಂದ ಜಗತ್ತಿನ ಎಲ್ಲ ಯಂತ್ರಗಳ ವಿಷಯವೂ ತನಗೆ ಗೊತ್ತೆಂದು ನಂಬಿದವನು. ನರ್ಸಿನ ಕೈಯಿಂದ ಯಂತ್ರ ಕಿತ್ತುಕೊಂಡು, "ಇದರ ಹಣೇಬರಾ ಎಲ್ಲಾ ಮೊಬೈಲ್ನ್ಯಾಗ ನೋಡೀನಿ, ತಡೀರಿ" ಎಂದ. ಅಂಗಳದ ರಾಶಿಯಿಂದ ಬೆರಳುದ್ದದ ಒಂದು ಹುಣಸೆಹಣ್ಣು ಆರಿಸಿ ಯಂತ್ರದ ಬಾಯಿಗೆ ಇಟ್ಟು ಎತ್ತಿ ಹಿಡಿದ. ಕೆಂಪು ದೀಪ ಮಿನುಗಿತು, ಗೆರೆ ಮೂಡಿದವು, ಆಮೇಲೆ ಅಂಕಿ ಬಂತು. ತೊಂಬತ್ತಾರು!

"ಹುಣಸಿಹಣ್ಣಿಗೆ ತೊಂಬತ್ತಾರು ನೋಡ್ರಪಾ! ನಮ್ಮ ಅಂಜಿನಿಗಿಂತ ಇದ ಗಟ್ಟಿ ಐತಿ!"

ನೆರೆದವರು ಮೊದಲು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು. ಆ ಮಹಾಶಯನ ಕೈ ಅಲುಗಾಡಿದ್ದಕ್ಕೆ ಯಂತ್ರ ಮೋಸಹೋಗಿತ್ತು, ಅಷ್ಟೇ. ಅಮೃತಾ ಅದನ್ನೇ ಹೇಳಹೊರಟಳು. ಆದರೆ "ಹಂಗಾದ್ರ ಎರ್ರೆಮ್ಮನ್ನ ಸುಳ್ಳು ಹೇಳಿ ಒಯ್ದ್ರಿ" ಎಂದು ಯಾರೋ ಕೂಗಿದರು, ಅವಳ ಮಾತು ಅಲ್ಲೇ ಮುಳುಗಿಹೋಯಿತು.

ಹುಲುಗಪ್ಪನ ಹೊಟ್ಟೆಯೊಳಗಿನ ಹೆದರಿಕೆಗೆ ಈಗ ದಾರಿ ಸಿಕ್ಕಿತು. ಆಂಬುಲೆನ್ಸಿನ ಡ್ರೈವರ್ ಗಾದಿಲಿಂಗಪ್ಪ ಇದೊಂದನ್ನೂ ಕಿವಿಗೆ ಹಾಕಿಕೊಳ್ಳದೆ, "ತಡಾ ಆಗ್ತೈತ್ರಿ, ಹತ್ತಿಸ್ರಿ" ಎಂದು ಅಂಜಿನಿಯ ರಟ್ಟೆ ಹಿಡಿದದ್ದೇ ತಡ, ಗೋಡೆಗೆ ಒರಗಿಸಿದ್ದ ಗಳ ಹುಲುಗಪ್ಪನ ಕೈಗೆ ಬಂತು. ಮೊದಲ ಏಟು ಭುಜಕ್ಕೆ ಬಿತ್ತು. ಎರಡನೆಯದು ತಲೆಗೆ. ಹಣ್ಣಿನ ಕೊಂಬೆಗೆ ಬಡಿದಷ್ಟೇ ಬಲದಿಂದ ಬಡಿದಿದ್ದ. ಗಾದಿಲಿಂಗಪ್ಪ ಹುಣಸೆ ರಾಶಿಯ ಮೇಲೆ ಮಗುಚಿ ಬಿದ್ದ, ಕಿವಿಯ ಮೇಲಿನಿಂದ ನೆತ್ತರು ಇಳಿದು ಒಂದು ಕಣ್ಣನ್ನು ಮುಚ್ಚಿತು. ಬಿದ್ದವನ ಬಾಯಿಗೆ ಇನ್ನೊಬ್ಬ ಒದ್ದ. ಗಾಡಿಯ ಗಾಜಿಗೆ ಕಲ್ಲುಗಳು ಬಿದ್ದವು.

ಹುಲುಗಪ್ಪನಿಗೆ ಅಷ್ಟು ಸಾಲಲಿಲ್ಲ. ಹಾರೆ ಹಿಡಿದು ಗಾಡಿಯೊಳಗೆ ಹತ್ತಿದ. ಅಲ್ಲಿ ಕಪ್ಪು ಸಿಲಿಂಡರ್ ನಿಂತಿತ್ತು, ಎರ್ರೆಮ್ಮನ ಮೂಗಿಗೆ ಹಚ್ಚಿ ಕೊಂದದ್ದು ಇದೇ ಎಂದು ಅವನ ಲೆಕ್ಕ. ಅದರ ತಲೆಯ ಮೇಲಿನ ಮೀಟರಿಗೆ ಮೂರು ಬಾರಿ ಬೀಸಿ ಹೊಡೆದ. ಹಿತ್ತಾಳೆ ಮುರಿದು ಗಾಳಿ ಸುಂಯ್ ಎಂದು ಚೀರುತ್ತ ಹೊರಬಿತ್ತು. ಜನ ಸಿಡಿಯುತ್ತದೆಂದು ಚದುರಿದರು, ಎಲ್ಲರಿಗಿಂತ ಮೊದಲು ಪ್ರವೀಣಕುಮಾರ್ ಓಡಿದ. ಯಂತ್ರವನ್ನು ಅಂಗಳದಲ್ಲೇ ಎಸೆದು ಓಡಿದ್ದ.

ಅಮೃತಾ ಓಡಲಿಲ್ಲ. ಯಂತ್ರವನ್ನು ಹೆಕ್ಕಿಕೊಂಡು ಬಂದು ಅಂಜಿನಿಯ ಪಕ್ಕ ಕೂತು ತನ್ನ ಬೆರಳಿಗೇ ಹಾಕಿಕೊಂಡಳು.

"ನೋಡು ಅಂಜಿನಿ, ಮ್ಯಾಲಿಂದು ಆಕ್ಸಿಜನ್, ಕೆಳಗಿಂದು ನಾಡಿ. ನನ್ನ ಮಣಿಕಟ್ಟು ಹಿಡಿದು ನೀನ ಎಣಿಸು. ನಿನ್ನ ಎಣಿಕಿ, ಮಿಷನ್ನಿನ ಎಣಿಕಿ ಎರಡೂ ಕೂಡಿದ್ರ ಮಿಷನ್ ಸರಿ ಐತಿ ಅಂತ. ಹಣ್ಣಿಗೆ ಎಲ್ಲೀ ನಾಡಿ?"

ಅಂಜಿನಿ ಅವಳ ಮಣಿಕಟ್ಟು ಹಿಡಿದು ಎಣಿಸತೊಡಗಿದ. ಅಷ್ಟರಲ್ಲಿ ಹುಲುಗಪ್ಪ ಗಾಡಿಯಿಂದ ಇಳಿದು ಬಂದ. ಅವನಿಗೆ ಕಂಡದ್ದು ಒಂದೇ: ಈ ಹೆಂಗಸು ಇನ್ನೂ ತಮ್ಮನನ್ನು ಬಿಟ್ಟಿಲ್ಲ.

"ಇನ್ನೂ ಇಲ್ಲೇ ಅದೀಯೇನು?"

ಎರಡೂ ಕೈಗಳಿಂದ ಅವಳ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಅವಳ ಹಿಂದಲೆ ಗೋಡೆಗೆ ಬಡಿಯಿತು. ಚೌಡಕ್ಕ ಬಂದು ಮಗನ ಬೆನ್ನಿಗೆ ಗುದ್ದಿದಳು, ಕೂದಲು ಜಗ್ಗಿದಳು. ಆ ಕೈಗಳು ಸಡಿಲವಾಗಲಿಲ್ಲ. ಅಮೃತಾಳ ಕಾಲು ನೆಲ ಕೆರೆಯುತ್ತಿದ್ದವು, ಒಂದು ಕೈ ಅವನ ಮುಖ ಪರಚುತ್ತಿತ್ತು. ಇನ್ನೊಂದು ಕೈ ಅಂಜಿನಿಯ ಹಿಡಿತದಲ್ಲೇ ಇತ್ತು, ಯಂತ್ರ ಆ ಬೆರಳಿನಲ್ಲೇ ಇತ್ತು.

"ಅಣ್ಣಾ... ತೊಂಬತ್ತೆಂಟಿತ್ತು... ಈಗ ತೊಂಬತ್ತಮೂರು" ಎಂದ ಅಂಜಿನಿ.

ಹುಲುಗಪ್ಪನಿಗೆ ಕೇಳಿಸಲಿಲ್ಲ.

"ಎಂಬತ್ತೊಂಬತ್ತು... ಇಳಿಯಾಕ ಹತ್ತೈತಿ ಅಣ್ಣಾ... ಎಂಬತ್ತಾರು... ಬಿಡೋ... ಮಿಷನ್ ಖರೇ ಹೇಳಾಕ ಹತ್ತೈತಿ!"

ಕೊನೆಯ ಮಾತಿಗೆ ಅಂಜಿನಿಗೆ ಉಸಿರೇ ಸಾಲಲಿಲ್ಲ, ಕೆಮ್ಮುತ್ತ ಅಣ್ಣನ ಕಾಲ ಮೇಲೆ ಕುಸಿದ. ಆಗ ಹುಲುಗಪ್ಪ ಕೈ ಬಿಟ್ಟ. ಅಮೃತಾ ಗೋಡೆಗುಂಟ ಜಾರಿ ನೆಲಕ್ಕೆ ಕೂತಳು, ಬಾಯಿ ತೆರೆದು ಗಾಳಿಗಾಗಿ ಒದ್ದಾಡಿದಳು. ಬಿಟ್ಟ ಮೇಲೂ ಅಂಕಿ ಇಳಿಯಿತು. ಎಂಬತ್ತೆರಡಕ್ಕೆ ನಿಂತು, ಅವಳು ಒಂದೊಂದೇ ಉಸಿರು ಎಳೆದಂತೆ ಮೆಲ್ಲಗೆ ಏರಿತು. ಅಣ್ಣ ತಮ್ಮ ಇಬ್ಬರೂ ಅದನ್ನು ನೋಡಿದರು.

ಅಂಜಿನಿ ಅವಳ ಬೆರಳಿನಿಂದ ಯಂತ್ರ ಬಿಡಿಸಿ ತನ್ನ ಬೆರಳಿಗೆ ಹಾಕಿಕೊಂಡ.

"ಎಂಬತ್ತೆರಡಕ್ಕ ಆಕಿ ಹಂಗ ಒದ್ದಾಡಿದ್ಲು. ನಂದು ಅರವತ್ತಾರೈತಿ, ಅಣ್ಣಾ."

ಹುಲುಗಪ್ಪ ಆ ಹುಡುಗಿಯ ಮುಂದೆ ಮಂಡಿಯೂರಿದ. ಅವಳ ಕುತ್ತಿಗೆಯ ಮೇಲೆ ಅವನ ಹತ್ತು ಬೆರಳೂ ಕೆಂಪಗೆ ಮೂಡಿದ್ದವು. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಜೀವ ಹಾರಿಹೋಗುವಷ್ಟು ಹೆದರಿಕೆಯಾಯಿತು. "ಗಾಳಿ ಹಚ್ಚವ್ವಾ" ಎಂದ. "ನನ್ನ ಆಮ್ಯಾಲೆ ಕಡಿಸಿ ಹಾಕು, ಮೊದಲು ಗಾಳಿ ಹಚ್ಚು."

ಅಮೃತಾಳಿಗೆ ದನಿ ಬರಲಿಲ್ಲ. ಬೆರಳೆತ್ತಿ ಗಾಡಿಯ ಕಡೆ ತೋರಿಸಿದಳು. ಸುಂಯ್ ಎನ್ನುತ್ತಿದ್ದ ಸದ್ದು ನಿಂತುಹೋಗಿತ್ತು. ಹುಲುಗಪ್ಪ ಓಡಿಹೋಗಿ ಸಿಲಿಂಡರನ್ನು ತಬ್ಬಿ ಅಲುಗಾಡಿಸಿದ, ಮುರಿದ ಬಾಯಿಗೆ ಕೆನ್ನೆಯಿಟ್ಟು ನೋಡಿದ. ಏನೂ ಬರಲಿಲ್ಲ. ಅದೇ ಕಬ್ಬಿಣಕ್ಕೆ ಹಣೆ ಜಜ್ಜಿಕೊಂಡು ನೆತ್ತರು ಬರಿಸಿಕೊಂಡ, ಅದರಿಂದ ಯಾರಿಗೇನು ಉಪಯೋಗ?

ಗಾದಿಲಿಂಗಪ್ಪ ಎದ್ದು, ಮುರಿದ ಹಲ್ಲು ಉಗುಳಿ, ಟವೆಲನ್ನು ತಲೆಗೆ ಬಿಗಿದು ಸ್ಟಿಯರಿಂಗ್ ಹಿಡಿದ. "ನನ್ನ ಬಡಿದದ್ದು ಆಮ್ಯಾಲೆ ಮಾತಾಡೋಣು. ಲೇ, ಅವನ್ನ ಹತ್ತಿಸು" ಎಂದಷ್ಟೇ ಅಂದ. ಸೀಟಿನ ತುಂಬ ಗಾಜಿನ ಚೂರು, ಅವನಿಗೆ ಒಂದೇ ಕಣ್ಣು ಕಾಣುತ್ತಿತ್ತು, ಕೂಡ್ಲಿಗಿ ಹದಿನೆಂಟು ಕಿಲೋಮೀಟರ್ ಇತ್ತು.

ಅಮೃತಾ ಗಾಡಿಯೊಳಗೆ ಅಂಜಿನಿಯನ್ನು ಬೋರಲು ಮಲಗಿಸಿ ಬೆನ್ನು ನೀವುತ್ತ, ಯಂತ್ರ ನೋಡೆಂದು ಹುಲುಗಪ್ಪನಿಗೆ ಸನ್ನೆ ಮಾಡಿದಳು. ಗಾದಿಲಿಂಗಪ್ಪ ಪ್ರತಿ ತಿರುವಿಗೂ "ಎಷ್ಟೈತಿ?" ಎಂದು ಕೂಗುತ್ತಿದ್ದ. ಹುಲುಗಪ್ಪ ಹೇಳುತ್ತಿದ್ದ. ಅರವತ್ತೆರಡು. ಐವತ್ತೊಂಬತ್ತು. ಐವತ್ತನಾಲ್ಕು. ಪ್ರತಿ ಸಲ ಗಾಡಿ ಇನ್ನಷ್ಟು ಜೋರಾಗುತ್ತಿತ್ತು. ನಡುವೆ ಒಮ್ಮೆ ಅಂಜಿನಿ ಅಣ್ಣನ ಹೆಬ್ಬೆರಳನ್ನು ಹಿಡಿದುಕೊಂಡ, ಸ್ವಲ್ಪ ಹೊತ್ತಿಗೆ ಹಿಡಿತ ತಾನಾಗಿಯೇ ಬಿಟ್ಟಿತು.

ಕೂಡ್ಲಿಗಿ ಇನ್ನೂ ನಾಲ್ಕು ಕಿಲೋಮೀಟರ್ ಇರುವಾಗ ಅಂಕಿ ಹೋಗಿ ಎರಡು ಗೆರೆ ಬಂದವು. ಹುಲುಗಪ್ಪ ಯಂತ್ರವನ್ನು ತನ್ನ ಬೆರಳಿಗೆ ಹಾಕಿಕೊಂಡ. ತೊಂಬತ್ತೆಂಟು ಬಂತು. ತಮ್ಮನ ಬೆರಳಿಗೆ ಹಾಕಿದ. ಗೆರೆ. ಬೆರಳನ್ನು ಬನಿಯನ್ನಿಗೆ ಒರೆಸಿ, ಅಂಗೈಯನ್ನು ತನ್ನ ಅಂಗೈಗಳ ನಡುವೆ ಇಟ್ಟು ಉಜ್ಜಿ ಬೆಚ್ಚಗೆ ಮಾಡಿ, ಮತ್ತೆ ಹಾಕಿದ. ಪೂರ್ತಿ ಒಂದು ನಿಮಿಷ ಕಾದ. ಅಮೃತಾ ಅಂಜಿನಿಯನ್ನು ಅಂಗಾತ ತಿರುಗಿಸಿ ಎದೆ ಒತ್ತತೊಡಗಿದಳು, ಅವಳ ಕಣ್ಣಿನಿಂದ ನೀರು ಹರಿಯುತ್ತಿತ್ತು.

"ಎಷ್ಟೈತಿ?" ಎಂದು ಮುಂದಿನಿಂದ ಕೂಗು ಬಂತು.

ಹುಲುಗಪ್ಪ ಯಂತ್ರವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

"ಎಪ್ಪತ್ತೈತಿ, ಗಾದಿಲಿಂಗಣ್ಣ" ಎಂದ. "ಏರಾಕ ಹತ್ತೈತಿ. ನಿಲ್ಲಿಸಬ್ಯಾಡ, ಜೋರು ಬಿಡು."