ಹದ್ದಿನ ಹಿಂದಿನ ಮುಖ

ಚಿತ್ರದಲ್ಲಿ ಕಡಲ ಹದ್ದು ಮಾತ್ರ ಸ್ಪಷ್ಟವಾಗಿತ್ತು. ಹಳದಿ ಕೊಕ್ಕು, ಬಿಳಿ ಹೆಗಲು, ರೆಕ್ಕೆಯ ಒಂದೊಂದು ಗರಿ. ಅದರ ಹಿಂದೆ ದೋಣಿಯ ಮೂತಿಯಲ್ಲಿ ನಿಂತು ಹದ್ದುಗಳಿಗೆ ಮೀನು ಎಸೆಯುತ್ತಿದ್ದ ಸೇಗೊ ಬರೀ ಮಸುಕು. ಫೋಕಸ್ ಹಕ್ಕಿಯ ಕಣ್ಣಿನ ಮೇಲಿದ್ದರೆ ಹಿಂದಿರುವ ಮನುಷ್ಯ ಹೊಗೆಯಂತಾಗುತ್ತಾನೆ.

ಹಕ್ಕಿಗಳ ಛಾಯಾಗ್ರಾಹಕಿ ಮುತ್ಸುಮಿ ಅದನ್ನು ತೆಗೆದ ವಾರದಲ್ಲೇ ಸೇಗೊ ರಾವುಸು ಬಂದರಿನಾಚೆ, ತೇಲುವ ಮಂಜುಗಡ್ಡೆಗಳ ನಡುವೆ ಕಾಣೆಯಾಗಿದ್ದ. ಹೆಣ ಸಿಗಲಿಲ್ಲ. ಈಗ ವರ್ಷ ತುಂಬುತ್ತಿತ್ತು. ಅವನ ಅಣ್ಣ, ದೋಣಿಯ ಯಜಮಾನ ಮೊರಿಯೊ, ಆ ಚಿತ್ರವನ್ನೇ ಹಿಡಿದು ಬಂದಿದ್ದ.

“ವರ್ಷದ ಪೂಜೆಗೆ ಫೋಟೊ ಬೇಕಲ್ಲಮ್ಮ. ಮನೇಲಿ ಸ್ಕೂಲಿನ ಗುಂಪು ಫೋಟೊ ಒಂದಿದೆ. ಅದ್ರಲ್ಲೂ ಕಣ್ಣು ಮುಚ್ಕೊಂಡಿದಾನೆ, ಕತ್ತೆ. ಹದ್ದಿನ ಕಣ್ಣಲ್ಲಿ ನನ್ನ ದೋಣಿ ಕಾಣೋ ಹಾಗೆ ಮಾಡ್ತೀಯ, ಇದೇನು ಮಹಾ?”

“ಅಲ್ಲಿ ಇರೋದನ್ನ ಎದ್ದು ಕಾಣಿಸ್ತೀನಿ ಅಷ್ಟೇ, ಮೊರಿಯೊ ಅಣ್ಣ. ಇಲ್ಲಿ ಮುಖವೇ ಇಲ್ಲ.”

“ಅಮ್ಮ ಇನ್ನೂ ದಿನಾ ಅವನ ಪಾಲು ಬಡಿಸ್ತಾಳೆ. ಸತ್ತ ಹಿರಿಯರನ್ನ ಪೂಜಿಸೋ ಗೂಡಲ್ಲಿ ಅವನ ಮುಖ ಕೂತ್ರೆ ನಿಲ್ಲಿಸ್ತಾಳೆ. ಇಲ್ಲಾಂದ್ರೆ ಕಾದೂ ಕಾದೂ ಅವಳೂ ಹೋಗ್ತಾಳೆ ಕಣೆ.”

ತಾಯಿ ಫುಸಾ ಪ್ರತಿ ಬೆಳಿಗ್ಗೆ ಸೇಗೊನ ಜಾಗದಲ್ಲಿ ಅನ್ನ, ಬಿಸಿ ಮಿಸೊ ಸಾರು ಇಟ್ಟು, ಬಟ್ಟಲಿಗೆ ಮುಚ್ಚಳ ಹಾಕುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ ಒಳಗೆ ನೀರಿನ ಹನಿಯಿದ್ದರೆ, ದೂರ ಹೋದವನು ಬದುಕಿದ್ದಾನೆಂದು ಅರ್ಥ. ಹನಿ ತಪ್ಪದೆ ಇರುತ್ತಿತ್ತು. “ಬಿಸಿ ಸಾರಿನ ಮುಚ್ಚಳದಲ್ಲಿ ನೀರಲ್ದೆ ಕಲ್ಲು ಕೂರತ್ತಾ?” ಎಂದು ಮೊರಿಯೊ ಗೊಣಗುತ್ತಿದ್ದ, ತಾಯಿಗೆ ಕೇಳದ ಹಾಗೆ.

ಮುತ್ಸುಮಿ ಬಹುಕಾಲ ಪತ್ರಿಕೆಯಲ್ಲಿ ದುಡಿದವಳು. ಲೆನ್ಸ್ ಕಾಣದ್ದನ್ನು ಸೇರಿಸಬಾರದು ಎಂಬುದು ಅಲ್ಲಿ ಕಲಿತ ಮೊದಲ ಪಾಠ. ಕಂಪ್ಯೂಟರಿನಲ್ಲಿ ಹಕ್ಕಿಯ ಚಿತ್ರದ ಗೆರೆಗಳನ್ನು ಹರಿತ ಮಾಡುವಾಗ ಆಕಾಶಕ್ಕೆ ತಾಗದಂತೆ ಮರೆಮಾಡಿ, ಕಣ್ಣು, ಕೊಕ್ಕು, ಗರಿಗಳನ್ನಷ್ಟೇ ಮುಟ್ಟುತ್ತಿದ್ದಳು. ಅತಿಯಾದರೆ ರೆಕ್ಕೆಯಂಚಿಗೆ ಇಲ್ಲದ ಬಿಳಿ ಗೆರೆ ಮೂಡುತ್ತದೆ. ಆದರೆ ಫುಸಾ ಅಜ್ಜಿ ಸೊರಗುತ್ತಿರುವುದು ಅವಳಿಗೂ ಕಾಣುತ್ತಿತ್ತು. ಮಸುಕಿನಿಂದ ಮುಖ ಕಟ್ಟಿಕೊಡುವ ಹೊಸ ತಂತ್ರಾಂಶಕ್ಕೆ ಸೇಗೊನ ತಲೆಯಷ್ಟನ್ನು ಕತ್ತರಿಸಿ ಕೊಟ್ಟಳು. ಒಂದೊಂದು ಹಂತಕ್ಕೂ ಹೊಗೆ ಗಟ್ಟಿಯಾಯಿತು. ಕೆನ್ನೆ ಬತ್ತಿದ ಗಂಡಸು, ಸೀಳಿದ ಎಡಹುಬ್ಬು, ಏನೋ ಹೇಳಲು ತೆರೆದಂಥ ಬಾಯಿ.

ಮೊರಿಯೊ ತುಂಬ ಹೊತ್ತು ನೋಡಿದ. “ಇವನೇ,” ಎಂದ, ಅವಳ ಮುಖ ನೋಡದೆ.

ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿ, “ಯಾರಿದು?” ಎಂದಳು.

“ಸೇಗೊ, ಅಮ್ಮ.”

“ಹೆತ್ತವಳಿಗೇ ಹೇಳ್ಕೊಡ್ತೀಯೇನೋ? ನನ್ನ ಮಗನ ಹುಬ್ಬಿಗೆ ಯಾವತ್ತೂ ಗಾಯ ಆಗಿಲ್ಲ.”

ಮೊರಿಯೊ ಕೇಳಲಿಲ್ಲ. ಚೌಕಟ್ಟು ಗೂಡಿನಲ್ಲಿ ಕೂತಿತು, ಪೂಜೆಯೂ ಮುಗಿಯಿತು. ಮಾರನೆಯ ಬೆಳಿಗ್ಗೆ ಅಜ್ಜಿ ಮುಚ್ಚಳ ತೆಗೆದಾಗ ಸಾರು ಹಬೆಯಾಡುತ್ತಿತ್ತು. ಮುಚ್ಚಳ ಒಣಗಿತ್ತು. ಮೊರಿಯೊ ಬೆರಳಿಟ್ಟು ಸವರಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದ.

ಆ ದಿನವೇ ಮುತ್ಸುಮಿ ಅವನ ದೋಣಿಯಲ್ಲಿ ಹದ್ದುಗಳ ಚಿತ್ರಕ್ಕೆ ಹೋದಳು. ಮೀನು ಎಸೆಯುವುದು ಬೇಡವೆಂದು ಮೊದಲೇ ಹೇಳಿದ್ದಳು. ಮೊರಿಯೊ ಚುಕ್ಕಾಣಿಯ ಕೋಣೆಯಲ್ಲಿದ್ದ. ಇನ್ಯಾರೂ ಇರಲಿಲ್ಲ. ಮಂಜುಗಡ್ಡೆಯ ಮೇಲೆ ಕೂತಿದ್ದ ಹದ್ದು ತಲೆಯೆತ್ತಿ ಅವಳ ಭುಜದಾಚೆ ದಿಟ್ಟಿಸಿತು. ಅವಳು ಚಿತ್ರ ತೆಗೆದು, ಅಭ್ಯಾಸದಂತೆ ಪರದೆಯಲ್ಲಿ ಕಣ್ಣನ್ನು ದೊಡ್ಡದು ಮಾಡಿ ನೋಡಿದಳು.

ಹಳದಿ ಕಣ್ಣಿನ ಕಪ್ಪು ಪಾಪೆಯಲ್ಲಿ ದೋಣಿಯಿತ್ತು. ಕ್ಯಾಮೆರಾ ಹಿಡಿದ ಅವಳಿದ್ದಳು. ಅವಳ ಬೆನ್ನಿಗೇ ಅಂಟಿದಂತೆ ಕೈ ಎತ್ತಿ ಒಬ್ಬ ನಿಂತಿದ್ದ. ಅಷ್ಟು ಪುಟ್ಟ ಪ್ರತಿಬಿಂಬದಲ್ಲಿ ಎಡಹುಬ್ಬಿನ ಸೀಳು ಕಾಣಲು ಸಾಧ್ಯವಿಲ್ಲ, ಅದು ಅವಳಿಗೆ ಗೊತ್ತು. ಕಾಣುತ್ತಿತ್ತು. ಈ ಚಿತ್ರವನ್ನು ಅವಳು ಇನ್ನೂ ಹರಿತ ಮಾಡಿರಲಿಲ್ಲ.

“ಮೀನು ಬೇಡ ಅಂದೋಳು ನೀನೇ ಎಸೀತೀಯಲ್ಲೇ!” ಮೊರಿಯೊ ಒಳಗಿಂದ ಕೂಗಿದ.

ಹದ್ದಿನ ಮುಂದೆ ಮಂಜುಗಡ್ಡೆಯ ಮೇಲೆ ಒಂದು ಮೀನು ಇನ್ನೂ ಮಿಡುಕುತ್ತಿತ್ತು. ಮುತ್ಸುಮಿ ಹಿಂತಿರುಗಿ ನೋಡಲಿಲ್ಲ. ದಡ ಮುಟ್ಟುವವರೆಗೂ ನೋಡಲಿಲ್ಲ.

ನೇರ ಫುಸಾ ಅಜ್ಜಿಯ ಮನೆಗೆ ಹೋಗಿ ಚೌಕಟ್ಟನ್ನು ಗೂಡಿನಿಂದ ಇಳಿಸಿದಳು. “ಇದು ಸೇಗೊ ಅಲ್ಲ ಅಜ್ಜಿ. ಮುಖ ನಾನು ಮಾಡಿದ್ದು,” ಎಂದು, ಆ ಜಾಗದಲ್ಲಿ ಮೊದಲಿನ ಮಸುಕು ಚಿತ್ರವನ್ನೇ ಇಟ್ಟಳು.

ಅಜ್ಜಿ ಆ ಹೊಗೆಯ ಮೇಲೆ ಬೆರಳಾಡಿಸಿದಳು. “ಹ್ಞೂಂ. ಇವನೇ. ಹೀಗೇ ಹೆಗಲು ವಾರೆ ಮಾಡ್ಕೊಂಡು ನಿಲ್ತಿದ್ದ.” ಆಮೇಲೆ ಎದ್ದು ಹೋಗಿ ಒಂದೇ ಪಾತ್ರೆಯಿಂದ ಎರಡು ಬಟ್ಟಲಿಗೆ ಸಾರು ಬಗ್ಗಿಸಿದಳು. ಒಂದನ್ನು ಮಸುಕು ಚಿತ್ರದ ಮುಂದಿಟ್ಟಳು, ಇನ್ನೊಂದನ್ನು ಇಳಿಸಿಟ್ಟ ಚೌಕಟ್ಟಿನ ಮುಂದೆ.

“ಇವನಿಗ್ಯಾಕೆ ಅಜ್ಜಿ?”

“ಬಂದಾಗಿದೆಯಲ್ಲ. ಹಸಿದಿರ್ತಾನೆ.”

ಎರಡಕ್ಕೂ ಮುಚ್ಚಳ ಹಾಕಿ ಇಬ್ಬರೂ ಕಾದರು. ಅಜ್ಜಿ ಮೊದಲು ಮಗನ ಮುಚ್ಚಳ ತೆಗೆದಳು. ಒಣಗಿತ್ತು. ಅದನ್ನು ಎದೆಗೊತ್ತಿಕೊಂಡು, “ಸರಿ ಮಗಾ, ಹೋಗ್ಬಾ,” ಎಂದಳು. ಅಷ್ಟೇ.

ನಂತರ ಎರಡನೆಯದನ್ನು ಎತ್ತಿದಳು. ಒಳಗೆಲ್ಲ ದಪ್ಪ ಹನಿಗಳು. ಅಂಚಿನಿಂದ ಜಾರಿ ಚಾಪೆಯ ಮೇಲೆ ತೊಟ್ಟಿಕ್ಕಿದವು. ಅಜ್ಜಿ ಆ ಮುಚ್ಚಳವನ್ನು ಮುತ್ಸುಮಿಯ ಕೈಗಿಟ್ಟಳು.

“ನನ್ನ ಬಡಿಸೋದು ಮುಗೀತು. ಇವನನ್ನ ಕರೆದವಳು ನೀನು. ನಾಳೆಯಿಂದ ನಿನ್ನ ಮನೇಲಿ ಬಡಿಸು.”